ತೆಂಗಿನಮರದ ಗುರುಗಳು

ಕಳೆದ ತಿಂಗಳು ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟರು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ನೋಡಲು ಹೋದಾಗ ಮಂಚದ ಮೇಲೆ ಪಟ್ಟಿ ಹಾಕಿದ ಕಾಲು ಚಾಚಿಕೊಂಡು, ಮುಖ ಗಂಟಿಕ್ಕಿಕೊಂಡು ಕೂತಿದ್ದರು. "ಹೊತ್ತೇ ಹೋಗ್ತಿಲ್ಲ ಮೇಡಂ. ಫೋನಲ್ಲಿ ಯಾರ ಜೊತೆಗಾದ್ರೂ ಆಡೋ ಅಂಥ ಒಳ್ಳೇ ಆಟ ಇದ್ರೆ ಹೇಳಿ" ಎಂದರು.

"ನಿಮಗೆ ಕೇರಂ ಬೇಡ ಸಾರ್, ಕೋಪ ಜಾಸ್ತಿ ನಿಮಗೆ" ಎಂದೆ ನಾನು, ಒಂದು ಚೂರೂ ಯೋಚಿಸದೆ. "ಚೆಸ್ ಆಡಿ. ಅದರಲ್ಲೂ ದಿನಕ್ಕೊಂದೇ ನಡೆ ನಡೆಸೋದು ಇರುತ್ತಲ್ಲ, ಅದನ್ನ ಆಡಿ. ಎದುರಿನವನು ಎಲ್ಲೋ ಇರ್ತಾನೆ. ಒಂದು ಕಾಯಿ ನಡೆಸಿ ತನ್ನ ಕೆಲಸಕ್ಕೆ ಹೋಗ್ತಾನೆ. ನೀವು ನಾಳೆ ನಿಧಾನಕ್ಕೆ ನೋಡಿ ಉತ್ತರ ಕೊಡಿ. ಲೂಡೋ ಮಾತ್ರ ಮುಟ್ಟಬೇಡಿ, ದಾಳ ನಂಬ್ಕೊಂಡು ಆಡೋದು ಒಂದು ಆಟವಾ? ಕಾಸು ಕಟ್ಟಿ ಆಡೋ ಇಸ್ಪೀಟಿನ ಕಡೆ ತಲೇನೂ ಹಾಕಬೇಡಿ."

ಮೇಷ್ಟರು ನನ್ನನ್ನೇ ನೋಡಿದರು. ನಾನೂ ನನ್ನನ್ನೇ ನೋಡಿಕೊಂಡೆ. ನಾನು ವಿಜ್ಞಾನ ಹೇಳಿಕೊಡುವವಳು. ಫೋನಿನಲ್ಲಿ ಒಂದು ಆಟವನ್ನೂ ನೆಟ್ಟಗೆ ಆಡಿದವಳಲ್ಲ. ಆ ಮಾತುಗಳಲ್ಲಿ ಒಂದೂ ನನ್ನದಾಗಿರಲಿಲ್ಲ. ಅವೆಲ್ಲ ನಾನು ಬಾಡಿಗೆಗಿದ್ದ ಮನೆಯ ಅಕ್ಕನ ಮಾತುಗಳು. ಅವರು ಹೋಗಿ ವರ್ಷವಾಗುತ್ತ ಬಂತು. ವಾಪಸು ಬರುವಾಗ ಸ್ಟೇಷನ್ ರಸ್ತೆಯಲ್ಲಿ ನಡೆಯುತ್ತಿದ್ದರೂ ನಡೆಯುತ್ತಿದ್ದೇನೆ ಅನ್ನಿಸಲಿಲ್ಲ, ಅಷ್ಟು ಬೇಜಾರಾಯಿತು.

ನನ್ನ ಮನೆ ಹಳೇಬೀಡು. ಯಜಮಾನರಿಗೆ ಹಗರೆಯ ಹಾಲಿನ ಡೇರಿಯಲ್ಲಿ ಕೆಲಸ. ನನಗೆ ಅರಸೀಕೆರೆಗೆ ವರ್ಗವಾದಾಗ ದಿನಾ ಜಾವಗಲ್ ಮೇಲೆ ಬಸ್ಸಿನಲ್ಲಿ ಓಡಾಡಲು ಬೆನ್ನು ಒಪ್ಪಲಿಲ್ಲ. ಹಾಗಾಗಿ ವಾರವೆಲ್ಲ ಇಲ್ಲಿರಲು ಒಂದು ಕೋಣೆ ಹಿಡಿದೆ. ಅದು ಕೊಬ್ಬರಿ ಮಂಡಿಯವರ ದೊಡ್ಡ ಮನೆ. ಮುಂದಿನ ಭಾಗದಲ್ಲಿ ಅಕ್ಕನ ಮೈದುನನ ಸಂಸಾರ, ಹಿಂದಿನ ಎರಡು ಕೋಣೆಗಳಲ್ಲಿ ಅಕ್ಕ, ಅದರ ಮೇಲೆ ನಾನು. ಅಕ್ಕನ ಗಂಡ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಮಂಡಿ ಈಗ ಮೈದುನನ ಕೈಯಲ್ಲಿತ್ತು.

ಅವರನ್ನು ಯಾರೂ ಕೆಟ್ಟದಾಗಿ ನೋಡಿಕೊಳ್ಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದಿದವರು ಓರಗಿತ್ತಿಯ ಮೇಲೆ ಹರಿಹಾಯುತ್ತಾರೆ. ಊಟ, ಬಟ್ಟೆ, ಔಷಧಿ ಎಲ್ಲವೂ ಹೊತ್ತುಹೊತ್ತಿಗೆ ಆಗುತ್ತಿತ್ತು. ಆದರೆ ಜನ ತುಂಬಿದ ಆ ಮನೆಯಲ್ಲಿ ದಿನವಿಡೀ ಅವರನ್ನು ಮಾತಾಡಿಸುತ್ತಿದ್ದದ್ದು ಮಾತ್ರ "ಅಕ್ಕ, ಉಪ್ಪಿನಕಾಯಿ ಜಾಡಿ ಎಲ್ಲೈತೆ?" "ಅಕ್ಕ, ಹಾಲು ಒಲೆ ಮೇಲೈತೆ ನೋಡ್ಕೊ" ಅಂತ. ಉತ್ತರಕ್ಕೆ ಕಾಯುವ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳುತ್ತಿರಲಿಲ್ಲ. ನನಗೆ ಮೊದಲ ತಿಂಗಳಲ್ಲೇ ಇದು ಕಣ್ಣಿಗೆ ಬಿತ್ತು, ಏಕೆಂದರೆ ನನ್ನನ್ನೂ ಆ ಊರಿನಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ.

ಅವರ ಕೈಯಲ್ಲಿ ಒಂದು ಚಟವಿತ್ತು. ಯಾವ ಸಣ್ಣ ವಸ್ತು ಸಿಕ್ಕರೂ ತೋರುಬೆರಳನ್ನು ಹೆಬ್ಬೆರಳಿಗೆ ಕೊಟ್ಟು ಟಕ್ಕೆಂದು ಚಿಮ್ಮುವುದು. ಮೊರದಲ್ಲಿ ರಾಗಿ ಹಸನು ಮಾಡುವಾಗ ಕಲ್ಲು ಸಿಕ್ಕರೆ ಎತ್ತಿ ಹಾಕುತ್ತಿರಲಿಲ್ಲ, ಚಿಮ್ಮುತ್ತಿದ್ದರು. ಹುಣಿಸೆಬೀಜ, ಕರಟದ ಚೂರು, ಅವರೆಕಾಳಿನ ಹುಳ ಎಲ್ಲವೂ ಚಿಮ್ಮಿಯೇ ಹೋಗಬೇಕು. ಕರಟದ ಚೂರು ಅಂಗಳ ದಾಟಿ ಮೂಲೆಯ ಬುಟ್ಟಿಗೇ ಬೀಳುತ್ತಿತ್ತು. "ಈ ವಯಸ್ಸಲ್ಲಿ ಇದೇನು ಹುಡುಗಾಟ ಅಕ್ಕ" ಎಂದು ಓರಗಿತ್ತಿ ಗೊಣಗುತ್ತಿದ್ದರು. ಬುಟ್ಟಿಗೆ ಬಿದ್ದದ್ದನ್ನು ಮಾತ್ರ ಅವರು ಗಮನಿಸಿರಲಿಲ್ಲ.

ಒಂದು ಮಧ್ಯಾಹ್ನ ನೀರಿನ ಮೋಟಾರು ಹಾಕಿಸಲು ಕೆಳಗಿಳಿದೆ. ಅಕ್ಕ ಹಿತ್ತಿಲ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿದ್ದರು. ಮೈದುನ ಹೊಸದು ಕೊಂಡಾಗ ಇವರಿಗೆ ಕೊಟ್ಟ ಹಳೆಯ ಫೋನು. ಬೆರಳನ್ನು ಪರದೆಯ ಮೇಲೆ ಹಿಂದಕ್ಕೆ ಎಳೆದು, ಉಸಿರು ಹಿಡಿದು, ಬಿಟ್ಟರು. "ಥೂ, ಕವರ್ ಹೋಯ್ತು!" ಎಂದರು. ನನ್ನನ್ನು ಕಂಡ ಕೂಡಲೇ ಫೋನನ್ನು ಸೆರಗಿನಡಿ ಸೇರಿಸಿದರು.

"ಏನಕ್ಕ ಅದು?"

"ಏನಿಲ್ಲ ಕಣ್ರೀ ಟೀಚರಮ್ಮ. ಕೇರಂ. ಹುಡುಗ್ರು ಆಡೋದು."

"ಹುಡುಗರು ಆಡೋದನ್ನ ನೀವ್ಯಾಕೆ ಬಚ್ಚಿಟ್ಕೋತೀರಿ?"

ನಕ್ಕರು. ಆ ನಗುವಿನಿಂದಲೇ ನಮ್ಮ ಸ್ನೇಹ ಶುರುವಾಯಿತು. ಅವರ ತವರು ಗಂಡಸಿ ಕಡೆ. ಅವರಪ್ಪ ರಾಗಿ ಮೂಟೆಯಿಡುವ ಕೋಣೆಯಲ್ಲಿ ಒಂದು ಕೇರಂ ಬೋರ್ಡು ಇಟ್ಟಿದ್ದರಂತೆ. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲವಾದ್ದರಿಂದ ಎದುರಿಗೆ ಮಗಳನ್ನೇ ಕೂರಿಸಿಕೊಂಡರು. "ಅಪ್ಪಾಜಿ ಒಂದು ದಿನಾನೂ ಬೇಕಂತ ಸೋಲ್ಲಿಲ್ಲ ನಂಗೆ. ನಾನು ಅತ್ರೂ ಸೋಲ್ಲಿಲ್ಲ. ಹದಿನಾರಕ್ಕೆ ಬಂದಾಗ ನಾನೇ ಗೆದ್ದೆ. ಅವತ್ತು ಅಪ್ಪಾಜಿ ಎದ್ದೋಗಿ ಅಂಗಳದಲ್ಲಿ ಒಂದು ಸುತ್ತು ಹಾಕ್ಕೊಂಡು ಬಂದು, ಇನ್ನೊಂದಾಟ ಅಂದ್ರು" ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಬೋರ್ಡು ಕಂಡದ್ದು ಬಾಗಿಲ ಸಂದಿಯಿಂದ. ಅವರ ಗಂಡನಿಗೂ ಕೇರಂ ಹುಚ್ಚು. ಮಾರುಕಟ್ಟೆಯ ಕೂಗಾಟ ಮುಗಿದ ಮೇಲೆ ಗೆಳೆಯರೆಲ್ಲ ಇದೇ ಪಡಸಾಲೆಗೆ ಬರುತ್ತಿದ್ದರು. ಇವರು ಕಾಫಿ ತರುತ್ತಿದ್ದರು. ಲೋಟ ಖಾಲಿಯಾಗುವವರೆಗೆ ಬಾಗಿಲ ಪಕ್ಕ ನಿಲ್ಲಲು ಅಡ್ಡಿಯಿರಲಿಲ್ಲ. ಬಿಸಿ ಜಾಸ್ತಿ ಇದ್ದರೆ ಹೆಚ್ಚು ಹೊತ್ತು ನಿಲ್ಲಬಹುದು ಅಂತ ಕಾಫಿಯನ್ನು ಕುದಿಕುದಿಯುತ್ತಲೇ ತರುತ್ತಿದ್ದರಂತೆ. ನಾನು ನಕ್ಕೆ. ಆಮೇಲೆ ಮೇಲೆ ಹೋಗಿ ಒಬ್ಬಳೇ ಕೂತು ಯೋಚಿಸಿದಾಗ ನಗು ಬರಲಿಲ್ಲ.

"ಗಂಡನ ಜೊತೆ ಆಡಲಿಲ್ವಾ ಅಕ್ಕ? ರಾತ್ರಿ, ಯಾರೂ ಇಲ್ಲದಾಗ?"

"ಒಂದ್ಸಲ ಆಡಿದ್ವಿ. ಗೆದ್ದುಬಿಟ್ಟೆ. ಆಮೇಲೆ ಅವರು ಕರೀಲಿಲ್ಲ, ನಾನೂ ಕೇಳಲಿಲ್ಲ. ಒಳ್ಳೇ ಮನುಷ್ಯ ಕಣವ್ವ, ಅದೊಂದು ಬಿಟ್ರೆ."

ಫೋನಿನೊಳಗಿನ ಆಟಗಳ ಲೋಕವನ್ನು ಅಕ್ಕ ಸಂತೆ ಸುತ್ತುವಂತೆ ಸುತ್ತಿದ್ದರು. ಎಲ್ಲವನ್ನೂ ಮುಟ್ಟಿ ನೋಡಿ, ಹೆಚ್ಚಿನದನ್ನು ಅಲ್ಲೇ ಬಿಟ್ಟು ಬಂದಿದ್ದರು. ಯಾವ ಆಟ ಯಾರಿಗೆ ಒಗ್ಗುತ್ತದೆ ಎನ್ನುವುದರಲ್ಲಿ ಅವರದೇ ಒಂದು ತೀರ್ಮಾನವಿತ್ತು. ಕೋಪಿಷ್ಠರಿಗೆ ನಿಧಾನದ ಚೆಸ್. ಮಾತು ಜಾಸ್ತಿ ಇರುವವರಿಗೆ ಅಕ್ಷರ ಜೋಡಿಸಿ ಪದ ಕಟ್ಟುವ ಆಟ, ಅಲ್ಲಾದರೂ ಮಾತನ್ನು ಅಳೆದು ಬಳಸಲಿ ಅಂತ. ಕೋಲಿನಲ್ಲಿ ಚೆಂಡು ಹೊಡೆಯುವ ಬಿಲಿಯರ್ಡ್ಸನ್ನು ಮೈದುನನಿಗೆ ಮನಸ್ಸಿನಲ್ಲೇ ಗೊತ್ತು ಮಾಡಿದ್ದರು. "ಅವನಿಗೆ ದೂರದ್ದೇ ಕಾಣೋದು, ಹತ್ರದ್ದು ಕಾಣಲ್ಲ." ಗುಂಡು ಹಾರಿಸುವ ಆಟವನ್ನೂ ಒಂದು ದಿನ ಆಡಿ ನೋಡಿದ್ದರೆಂದು ತಿಳಿದು ನಾನು ಸುಸ್ತಾದೆ. "ಚೆನ್ನಾಗೈತೆ, ಆದ್ರೆ ಎದುರಾಳಿ ಮುಖ ನೋಡೋಕೆ ಮುಂಚೇನೇ ಸತ್ತೋಗ್ತಾನೆ. ಏನು ಮಜಾ?" ಎಂದರು. ನನಗೆ ಏನೂ ಶಿಫಾರಸು ಮಾಡಲಿಲ್ಲ. ಕೇಳಿದ್ದಕ್ಕೆ, "ನಿಮಗೆ ಸೋಲೋಕೆ ಬರಲ್ಲ ಟೀಚರಮ್ಮ, ಮೊದ್ಲು ಅದು ಕಲ್ತುಕೊಳ್ಳಿ" ಎಂದುಬಿಟ್ಟರು. ಸ್ವಲ್ಪ ದಿನ ನಾನು ಅವರೊಂದಿಗೆ ಮುನಿಸಿಕೊಂಡೇ ಇದ್ದೆ.

ಕೇರಂ ಆಡಲು ಒಂದು ಹೆಸರು ಕೊಡಬೇಕಿತ್ತು. ಸ್ವಂತ ಹೆಸರು ಹಾಕಲು ನಾಚಿಕೆ. ಕಿಟಕಿಯಾಚೆ ಕಂಡದ್ದು ತೆಂಗಿನಮರ. ಅದನ್ನೇ ಬರೆದು, ಅದರದೇ ಪಟವನ್ನೂ ಹಾಕಿದರು. ಹೀಗೆ ಅಕ್ಕ ತೆಂಗಿನಮರವಾದರು.

ಆಗ ಪೇಟೆಯ ಮಂಡಿಯವರೆಲ್ಲ ಸೇರಿ ಆ ಆಟದೊಳಗೇ ಒಂದು ಬಳಗ ಮಾಡಿಕೊಂಡಿದ್ದರು. ಅದನ್ನು ಹುಟ್ಟುಹಾಕಿದವರು ಎದುರುಮಂಡಿಯವರು. ಅವರ ಮಂಡಿ ನಮ್ಮ ಮನೆಯವರ ಮಂಡಿಗೆ ಎದುರಿಗಿದ್ದದ್ದರಿಂದ ಮನೆಯಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ದೊಡ್ಡ ದನಿ, ದೊಡ್ಡ ಹೊಟ್ಟೆ, ಅಕ್ಕನ ಗಂಡನ ಜೀವದ ಗೆಳೆಯ. ಗೆಳೆಯ ಹೋದ ಮೇಲೆ ಪಡಸಾಲೆಯ ಆಟ ನಿಂತುಹೋಯಿತು. ಈಗ ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿನಲ್ಲಿ ಅವರವರ ಗಾದಿಯ ಮೇಲೆ ಒರಗಿಕೊಂಡು ಫೋನಿನಲ್ಲೇ ಆಡುತ್ತಿದ್ದರು. ಯಾರು ಬೇಕಾದರೂ ಸೇರಬಹುದಿತ್ತು. ಮೈದುನ ಊಟಕ್ಕೆ ಕೂತಾಗ ಅದರ ಸುದ್ದಿ ತೆಗೆದ. ರೊಟ್ಟಿ ಬಡಿಸುತ್ತಿದ್ದ ಅಕ್ಕ ಕೇಳಿಸಿಕೊಂಡರು. ಸಂಜೆ ಮೇಲೆ ಬಂದು, "ಟೀಚರಮ್ಮ, ಇದನ್ನ ಹುಡುಕೋದು ಹೆಂಗೆ?" ಎಂದರು.

ಸೇರಿದ ವಾರದಲ್ಲೇ ಪೇಟೆಯಲ್ಲಿ ಗದ್ದಲ. ಯಾರೋ ತೆಂಗಿನಮರ ಅನ್ನೋನು ಬಂದವನೆ, ಎಲ್ಲರನ್ನೂ ಗುಡಿಸಿ ಹಾಕ್ತಾವನೆ! ಅವರಿಗೇನು ಗೊತ್ತು, ಬಾಗಿಲ ಪಕ್ಕ ನಿಂತು ಮೂವತ್ತು ವರ್ಷ ಅವರೆಲ್ಲರ ಆಟವನ್ನೂ ಓದಿದ ಒಬ್ಬರು ಅದರೊಳಗೆ ಬಂದಿದ್ದಾರೆಂದು. ಯಾರು ಹೆದರಿದರೆ ಜೋರಾಗಿ ಹೊಡೆಯುತ್ತಾರೆ, ಯಾರು ಗೆಲ್ಲುವ ಹೊತ್ತಿಗೆ ಸಡಿಲವಾಗುತ್ತಾರೆ, ಎಲ್ಲ ಅಕ್ಕನಿಗೆ ಬಾಯಿಪಾಠ. "ಎದುರುಮಂಡಿಯೋರಿಗೆ ರೆಡ್ ಕಂಡ್ರೆ ಮೈಮೇಲೆ ಜ್ಞಾನ ಇರಲ್ಲ. ಕವರ್ ಎಲ್ಲೈತೆ ನೋಡದೇನೇ ಹೊಡೀತಾರೆ. ಅವಾಗ್ಲೂ ಅಂಗೇ, ಇವಾಗ್ಲೂ ಅಂಗೇ" ಎನ್ನುತ್ತಿದ್ದರು. ಕೆಂಪು ಕಾಯಿ ಹಾಕಿದ ಮೇಲೆ ಕವರ್ ಎಂದು ತನ್ನದೊಂದು ಕಾಯಿಯನ್ನೂ ಬೆನ್ನಿಗೇ ಹಾಕದಿದ್ದರೆ ಅದು ದಕ್ಕುವುದಿಲ್ಲ. ಇಷ್ಟನ್ನು ನಾನೂ ಅಷ್ಟು ಹೊತ್ತಿಗೆ ಕಲಿತಿದ್ದೆ.

ಬಳಗದವರು ಅವರನ್ನು ಗುರುಗಳೇ ಎನ್ನತೊಡಗಿದರು. ಆಟಕ್ಕೆ ಮುಂಚೆ "ಶರಣು ಗುರುಗಳೇ" ಎಂದು ಬರೆಯುತ್ತಿದ್ದರು. ಯಾವೂರು ಎಂದು ಕೇಳಿದರು. ಅಕ್ಕ "ಗಂಡಸಿ ಕಡೆ" ಎಂದು ಬರೆದರು. ಏನು ಮಾಡ್ತೀರಿ ಎಂದದ್ದಕ್ಕೆ "ಮನೇಲೇ ಇರ್ತೀನಿ" ಎಂದರು. ಒಂದು ಸುಳ್ಳನ್ನೂ ಹೇಳಲಿಲ್ಲ. ಮಿಕ್ಕದ್ದನ್ನು ಪೇಟೆಯೇ ಕಟ್ಟಿಕೊಂಡಿತು. ಒಂದು ದಿನ ಊಟದ ಹೊತ್ತಿನಲ್ಲಿ ನಾನೂ ಅಲ್ಲೇ ಇದ್ದೆ. ಮೈದುನ ಹೆಂಡತಿಗೆ ಹೇಳುತ್ತಿದ್ದ: "ಗುರುಗಳು ಭಾರೀ ದೊಡ್ಡ ತೋಟದೋರಂತೆ. ಮಠದಲ್ಲೂ ಅವರ ಮಾತು ನಡೀತದಂತೆ. ಜಾಸ್ತಿ ಮಾತಾಡಲ್ಲ, ಗತ್ತು! ಅತ್ತಿಗೆ, ಇನ್ನೊಂದು ರೊಟ್ಟಿ."

ಅಕ್ಕ ಇನ್ನೊಂದು ರೊಟ್ಟಿ ಹಾಕಿದರು. ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು.

ನನಗೆ ಮಾತ್ರ ತಡೆಯಲಾಗುತ್ತಿರಲಿಲ್ಲ. "ಹೇಳಿಬಿಡಿ ಅಕ್ಕ, ಯಾಕೆ ಸುಮ್ಮನಿದೀರಿ? ಮನೇಲಿ ನಿಮ್ಮ ಬೆಲೆ ಏನು ಅಂತ ಗೊತ್ತಾಗಲಿ" ಎಂದು ಎಷ್ಟೋ ಸಲ ಜಗಳವಾಡಿದ್ದೇನೆ.

"ಹೇಳಿದ್ರೆ ಏನಾಗ್ತದೆ ಗೊತ್ತಾ? ಸೋತುಕೊಡ್ತಾರೆ. ಅತ್ತಿಗಮ್ಮ ಅಂತ, ವಯಸ್ಸಾದೋರು ಅಂತ, ಪಾಪ ಅಂತ ಸೋತುಕೊಡ್ತಾರೆ. ಇವಾಗ ನನ್ನ ಮೇಲೆ ಹಲ್ಲು ಕಡ್ಕೊಂಡು ಆಡ್ತಾರಲ್ಲ, ಅದು ಹೋಯ್ತದೆ. ನಂಗೆ ಇರೋದು ಅದೊಂದೇ ಕಣವ್ವ."

ಆದರೆ ಅಷ್ಟೇ ಸಾಕು ಎಂದು ಅವರೂ ಅಂದುಕೊಂಡಿರಲಿಲ್ಲ. ಇದು ನನಗೆ ತಿಳಿದದ್ದು ಹಳೇಬೀಡಿನಲ್ಲಿ. ಒಂದು ಭಾನುವಾರ ಅವರನ್ನು ನಮ್ಮ ಮನೆಗೆ ಕರೆದುಕೊಂಡು ಹೋಗಿದ್ದೆ. ಸಂಜೆ ದೇವಸ್ಥಾನದ ಕಡೆ ಹೋದೆವು. ಎಲ್ಲರೂ ಗೋಡೆಯ ಶಿಲ್ಪ ನೋಡುತ್ತಿದ್ದರೆ ಅಕ್ಕ ಜಗಲಿಯ ಕಲ್ಲಿನ ಮೇಲೆ ಬಗ್ಗಿ ಏನನ್ನೋ ಸವರುತ್ತಿದ್ದರು. ಯಾವ ಕಾಲದಲ್ಲೋ ಯಾರೋ ಕೂತು ಗೀರಿದ ಹುಲಿ-ಕುರಿ ಆಟದ ಮನೆಗಳು. ಹುಟ್ಟಿದಾಗಿನಿಂದ ಅಲ್ಲೇ ಓಡಾಡಿದ ನಾನು ಅದನ್ನು ನೋಡಿರಲಿಲ್ಲ. "ಕೂತ್ಕೊಳ್ಳಿ" ಎಂದರು. ಬೆಣಚುಕಲ್ಲು ಆರಿಸಿ ತಂದು ಆಡಿದೆವು. ಅವರ ಕುರಿಗಳು ನನ್ನ ಹುಲಿಗಳನ್ನು ಮೂಲೆಗೆ ತಳ್ಳಿ ಕಟ್ಟಿಹಾಕಿದವು. ಸಿಟ್ಟು ಬಂದು ನಾನು ತುಟಿ ಕಚ್ಚಿದಾಗ ಅಕ್ಕ ನನ್ನ ಮುಖವನ್ನೇ ನೋಡಿದರು.

"ಎದುರಿಗೆ ಮನುಷ್ಯರು ಕೂತಿರೋದು ನೋಡಿ ಎಷ್ಟು ವರ್ಷ ಆಗಿತ್ತು ನೋಡಿ" ಎಂದರು. "ಫೋನಲ್ಲಿ ಗೆದ್ರೂ ಗೆದ್ದಂಗೆ ಇರಲ್ಲ. ಅವರು ಸೋತಾಗ ಮುಖ ಹೆಂಗೆ ಮಾಡ್ತಾರೋ! ಒಂದ್ಸಲ, ಒಂದೇ ಒಂದ್ಸಲ ಎದುರಿಗೆ ಕೂತು ಆಡಬೇಕು ಟೀಚರಮ್ಮ. ಆಮೇಲೆ ಅವರು ಏನು ಬೇಕಾದ್ರೂ ಅಂದ್ಕೊಳ್ಳಲಿ."

ಆ ಅವಕಾಶ ಬಂತು. ಎದುರುಮಂಡಿಯವರು ಬಳಗದವರನ್ನೆಲ್ಲ ತಮ್ಮ ಮನೆಗೆ ಕರೆದರು. ನಿಜವಾದ ಬೋರ್ಡುಗಳ ಮೇಲೆ ದಿನವಿಡೀ ಆಟ, ಊಟ. ತೆಂಗಿನಮರಕ್ಕೆ ಬೇರೆಯಾಗಿ ಬರೆದಿದ್ದರು: "ಗುರುಗಳು ಬರಲೇಬೇಕು. ನಿಮ್ಮ ಕೈ ನೋಡಬೇಕು." ಅಕ್ಕ ಅದನ್ನು ನನಗೆ ತೋರಿಸಿ, "ಬತ್ತೀನಿ ಅಂತ ಬರೀರಿ" ಎಂದರು. ಬರೆದು ಕಳಿಸಿದೆ.

ಶಾಲೆಯ ಆಟದ ಕೋಣೆಯಿಂದ ಒಂದು ಕೇರಂ ಬೋರ್ಡನ್ನು ಆಟೋದಲ್ಲಿ ಹಾಕಿಕೊಂಡು ಬಂದೆ. ಪಿ.ಟಿ. ಮೇಷ್ಟರಿಗೆ ರಿಪೇರಿ ಮಾಡಿಸುತ್ತೇನೆಂದು ಹೇಳಿದ್ದೆ. ನನ್ನ ಕೋಣೆಯಲ್ಲಿ ಬೋರಿಕ್ ಪೌಡರ್ ಉದುರಿಸಿಕೊಂಡು ಕೂತೆವು. ಮೊದಲ ಹೊಡೆತಕ್ಕೆ ಸ್ಟ್ರೈಕರ್ ಬೋರ್ಡು ದಾಟಿ ನನ್ನ ಹಾಸಿಗೆಯ ಮೇಲೆ ಬಿತ್ತು. ಪರದೆಯ ಮೇಲೆ ಎಳೆದು ಬಿಡುವುದೇ ಬೇರೆ, ಉಗುರಿನಿಂದ ಹೊಡೆಯುವುದೇ ಬೇರೆ. ಫೋನು ಗುರಿಗೆ ಗೀಟು ಎಳೆದು ತೋರಿಸುತ್ತದೆ, ಮರದ ಹಲಗೆ ತೋರಿಸುವುದಿಲ್ಲ. ಅಕ್ಕನ ಮುಖ ಸಣ್ಣಗಾಯಿತು. ಉಗುರಿನ ಬುಡ ಕೆಂಪಾಗಿ ಊದಿಕೊಂಡಿತು. ಅರಿಶಿನ ಮೆತ್ತಿಕೊಂಡು ಮಾರನೆಯ ದಿನ ಮತ್ತೆ ಬಂದರು. ಅದರ ಮಾರನೆಯ ದಿನವೂ. ಒಂದು ಸಂಜೆ ಬೋರ್ಡಿನ ಎದುರು ಅಂಚಿಗೆ ತಾಗಿ ವಾಪಸು ಬಂದ ಕಾಯಿ ನೆಟ್ಟಗೆ ತಮ್ಮ ಮಗ್ಗುಲ ಪಾಕೆಟ್ಟಿಗೇ ಇಳಿದಾಗ ಅವರು ಎದ್ದು ಹೋಗಿ ಮಹಡಿಯ ಮೇಲೆ ಒಂದು ಸುತ್ತು ಹಾಕಿಕೊಂಡು ಬಂದರು. ನಾನಂತೂ ಸೋತು ಸೋತು ಕೊನೆಗೆ ಸೋಲಲು ಕಲಿತೆ.

ಆ ದಿನ ಬೆಳಗ್ಗೆ ಉಗುರು ಕತ್ತರಿಸಿಕೊಂಡು, ಹಣೆಗೆ ವಿಭೂತಿ ಇಟ್ಟು, ತಿಳಿಹಸಿರು ಸೀರೆಯುಟ್ಟು ಅಕ್ಕ ಸಿದ್ಧರಾದರು. ಮೈದುನ ಆಗಲೇ ಆಟಕ್ಕೆ ಹೋಗಿದ್ದ. ಓರಗಿತ್ತಿಗೆ ಭಜನೆಗೆ ಹೋಗುತ್ತೇವೆಂದು ಹೇಳಿ ಇಬ್ಬರೂ ಹೊರಟೆವು.

ಎದುರುಮಂಡಿಯವರು ಬಾಗಿಲಲ್ಲೇ ಇದ್ದರು. ಅಕ್ಕನನ್ನು ಕಂಡು ಮುಖವರಳಿಸಿದರು. "ಓಹೋ ಅತ್ತಿಗಮ್ಮ! ಎಷ್ಟು ದಿನ ಆಯ್ತು ಈ ಕಡೆ ಬಂದು! ಬನ್ನಿ ಬನ್ನಿ. ಇಲ್ಲೆಲ್ಲ ಗಂಡಸ್ರು ಗಲಾಟೆ, ಒಳಗೋಗಿ, ಮನೇವ್ಳು ಅಡುಗೆಮನೇಲವ್ಳೆ. ಟೀಚರಮ್ಮ, ನೀವೂ ಹೋಗಿ." ಆ ಮಾತಿನಲ್ಲಿ ಪ್ರೀತಿಯಿತ್ತು. ಪ್ರೀತಿಯೇ ಇತ್ತು, ಅದೇ ಕಷ್ಟ.

ಅಕ್ಕ ಬಾಯಿ ತೆರೆದರು. ಅಷ್ಟರಲ್ಲಿ ಅವರು ಪಡಸಾಲೆಯ ಕಡೆ ತಿರುಗಿ, "ಏಯ್, ಆ ಕುರ್ಚೀಲಿ ಯಾರೂ ಕೂತ್ಕೋಬ್ಯಾಡ್ರಲಾ, ಗುರುಗಳು ಬತ್ತಾರೆ!" ಎಂದು ಕೂಗಿದರು. ನಡುವಿನ ಬೋರ್ಡಿನ ಎದುರು ಹೊಸ ಟವೆಲ್ ಹಾಸಿದ ಒಂದು ಕುರ್ಚಿ ಖಾಲಿಯಿತ್ತು. ಅಕ್ಕ ಅದನ್ನು ನೋಡಿದರು. ಆ ಕುರ್ಚಿಯ ಪಕ್ಕದಲ್ಲೇ ಹಾದು ಒಳಗೆ ಹೋದರು. ನಾನು ಮೊಣಕೈಯಿಂದ ತಿವಿದೆ, ಬೇಡವೆಂದು ತಲೆಯಾಡಿಸಿದರು.

ಅಡುಗೆಮನೆಯಲ್ಲಿ ಉಪ್ಪಿಟ್ಟು ಕೇಸರಿಭಾತು ಕೊಟ್ಟರು. ತಿಂದೆವು. ಕಾಫಿಯಾದಾಗ ಮನೆಯಾಕೆಯ ಕೈ ತುಂಬಿತ್ತೆಂದು ಅಕ್ಕ ತಾವೇ ತಟ್ಟೆ ಎತ್ತಿಕೊಂಡು ಪಡಸಾಲೆಗೆ ಹೋದರು. ನಾನು ಹಿಂದೆಯೇ ಹೋದೆ. ಒಬ್ಬೊಬ್ಬರಿಗೂ ಲೋಟ ಕೊಟ್ಟರು. ಬೋರ್ಡಿನಿಂದ ಕಣ್ಣೆತ್ತದೆ ಕೈ ಚಾಚಿ ತೆಗೆದುಕೊಂಡರು ಎಲ್ಲರೂ, ಮೈದುನನೂ. ಎದುರುಮಂಡಿಯವರು ಕೆಂಪು ಕಾಯಿಗೆ ಗುರಿಯಿಟ್ಟಿದ್ದರು. ಅಕ್ಕ ಅವರ ಬೆನ್ನ ಹಿಂದೆ ನಿಂತು ಬೋರ್ಡನ್ನೇ ನೋಡುತ್ತಿದ್ದರು, ತಟ್ಟೆಯ ಅಡಿಯಲ್ಲಿ ಅವರ ತೋರುಬೆರಳು ಹೆಬ್ಬೆರಳಿಗೆ ಸೇರಿತ್ತು. ಕೆಂಪು ಬಿತ್ತು, ಕವರ್ ಬೀಳಲಿಲ್ಲ. ಎಲ್ಲರೂ ಹೋ ಎಂದರು. ಅಕ್ಕ ಖಾಲಿ ಲೋಟ ಆರಿಸಿಕೊಂಡು ಒಳಗೆ ಬಂದರು.

ದಾರಿಯಲ್ಲಿ ನಾನು ರೇಗಿದೆ. ರಸ್ತೆಯಲ್ಲೇ ನಿಂತು ರೇಗಿದೆ. "ಕುರ್ಚಿ ಇಟ್ಟಿದ್ರಲ್ಲ ಅಕ್ಕ! ಹೋಗಿ ಕೂತ್ಕೊಳ್ಳೋಕೆ ಏನಾಗಿತ್ತು ನಿಮಗೆ?"

"ಅದು ನನಗಿಟ್ಟ ಕುರ್ಚಿ ಅಲ್ಲ ಬಿಡಿ" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಅವರು ನಗ್ತಾ ಇದ್ರು ನೋಡಿ ಬಾಗಿಲಲ್ಲಿ. ಕೂತಿದ್ರೆ ಆ ನಗು ಹೆಂಗಾಗ್ತಿತ್ತೋ ಅಂತ ಹೆದರಿಕೆ ಆಯ್ತು" ಎಂದು ಸೇರಿಸಿದರು.

ಸಂಜೆ ಫೋನಿಗೆ ಸಂದೇಶ ಬಂತು. "ಯಾಕೆ ಗುರುಗಳೇ ಬರ್ಲಿಲ್ಲ? ಕತ್ತಲಾಗೋವರೆಗೂ ಕುರ್ಚಿ ಖಾಲಿ ಇಟ್ಕೊಂಡು ಕಾದ್ವಿ." ಅಕ್ಕ ಒಂದೊಂದೇ ಅಕ್ಷರ ಹುಡುಕಿ "ಬಂದಿದ್ದೆ" ಎಂದು ಬರೆದರು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತು, ಅಳಿಸಿ, "ಮೈ ಹುಷಾರಿರಲಿಲ್ಲ" ಎಂದು ಬರೆದು ಕಳಿಸಿದರು. ಅವರು ಬಳಗಕ್ಕೆ ಹೇಳಿದ ಸುಳ್ಳು ಅದೊಂದೇ ಇರಬೇಕು. ಮರುದಿನ ನಾನು ಬೋರ್ಡನ್ನು ಶಾಲೆಗೆ ವಾಪಸು ಹೊತ್ತುಕೊಂಡು ಹೋದೆ.

ಆಮೇಲೂ ಅವರು ಮಧ್ಯಾಹ್ನಗಳಲ್ಲಿ ಆಡುತ್ತಿದ್ದರು, ಗೆಲ್ಲುತ್ತಲೂ ಇದ್ದರು. ಆದರೆ "ಥೂ" ಎನ್ನುವುದು, ತೊಡೆ ತಟ್ಟಿಕೊಳ್ಳುವುದು ನಿಂತಿತ್ತು. ನಾನು ಶಾಲೆಯಿಂದ ಬಂದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರುತ್ತಿದ್ದೆ. ಅವರ ಪಕ್ಕ ಕೂತೂ ನಾನು ಅವರಿಗೆ ಏನೂ ಆಗಲಾರೆ ಅನ್ನಿಸುತ್ತಿತ್ತು, ಏಕೆಂದರೆ ನಾನು ಅವರ ಎದುರಾಳಿಯಲ್ಲ. ಅಕ್ಕನ ಆಟ ಬಲ್ಲವರು ಪೇಟೆಯಲ್ಲಿದ್ದರು, ಮತ್ತು ಅವರಿಗೆ ಇವರು ಯಾರೆಂದೇ ತಿಳಿದಿರಲಿಲ್ಲ.

ಚಳಿಗಾಲದಲ್ಲಿ ಎದೆನೋವು ಬಂತು. ಹಾಸನಕ್ಕೆ ಕರೆದುಕೊಂಡು ಹೋದರು. ಆ ವಾರದೊಳಗೇ ಮುಗಿದುಹೋಯಿತು.

ಅವರ ಜನದಲ್ಲಿ ತೀರಿಕೊಂಡವರನ್ನು ಕೂರಿಸಿಯೇ ಮಣ್ಣು ಮಾಡುವುದು. ಮಣ್ಣಿಗೆ ಒಯ್ಯುವವರೆಗೆ ಮನೆಯ ಮುಂದೆ ಕೂರಿಸಿರುತ್ತಾರೆ. ಅಕ್ಕನನ್ನೂ ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು, ನೆಟ್ಟಗಿನ ಬೆನ್ನು. ಅದೇ ತಿಳಿಹಸಿರು ಸೀರೆ ಉಡಿಸಿದ್ದರು. ಪಕ್ಕದಲ್ಲಿ ಭಜನೆ ನಡೆದಿತ್ತು. ಅಂಗಳದಲ್ಲಿ ಹಾಕಿದ ಕುರ್ಚಿಗಳಲ್ಲಿ ಪೇಟೆಯ ಗಂಡಸರೆಲ್ಲ ಕೂತಿದ್ದರು. ಅವರೆಲ್ಲ ಬಂದದ್ದು ಗೆಳೆಯನ ಹೆಂಡತಿಗಾಗಿ, ಮಂಡಿಯವರ ಅತ್ತಿಗೆಗಾಗಿ.

ನಾನು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದೆ. ಅತ್ತು ಕಣ್ಣು ಉರಿಯುತ್ತಿತ್ತು. ನನ್ನ ಹತ್ತಿರದ ಸಾಲಿನಲ್ಲಿದ್ದ ಎದುರುಮಂಡಿಯವರು ಜೇಬಿನಿಂದ ಫೋನು ತೆಗೆದು ನೋಡಿ, ಪಕ್ಕದವನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಗುರುಗಳು ಈ ವಾರ ಒಂದಿನಾನೂ ಬಂದಿಲ್ಲ ಕಣಲಾ. ವಯಸ್ಸಾದೋರು ಅನ್ಸುತ್ತೆ. ಏನಾಗೈತೋ ಏನೋ. ಹೋಗಿ ನೋಡ್ಕೊಂಡು ಬರೋಣ ಅಂದ್ರೆ ಮನೆ ಎಲ್ಲಿ ಅಂತಾನೂ ಗೊತ್ತಿಲ್ಲ." ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು.

ಅಕ್ಕ ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರೋ ಅದು ಇನ್ನು ಆಗುವಂತಿರಲಿಲ್ಲ. ಇನ್ನು ಯಾರೂ ಅವರಿಗೆ ಸೋತುಕೊಡಲಾರರು.

"ಮನೆ ಇದೇ" ಎಂದೆ. ಅವರು ತಲೆಯೆತ್ತಿದರು. "ತೆಂಗಿನಮರ ಅಂದ್ರೆ ಅಕ್ಕನೇ."

"ಏನು ಟೀಚರಮ್ಮ, ಇಂಥ ಹೊತ್ತಲ್ಲಿ..." ಎಂದು ಅವರು ಮುಖ ಸಿಂಡರಿಸಿದರು.

"ರೆಡ್ ಕಂಡ್ರೆ ನಿಮಗೆ ಮೈಮೇಲೆ ಜ್ಞಾನ ಇರಲ್ಲವಂತೆ. ಕವರ್ ನೋಡದೆ ಹೊಡೀತೀರಂತೆ. ಇವರ ಯಜಮಾನ್ರು ಇದ್ದಾಗಲೂ ನೀವು ಹಾಗೇ ಆಡ್ತಿದ್ರಂತೆ. ಅಕ್ಕ ಬಾಗಿಲಲ್ಲಿ ನಿಂತು ನೋಡ್ತಿದ್ರು. ನೀವು ಕರೆದಾಗ ಆಡೋಕೇ ಬಂದಿದ್ರು. ನೀವು ಒಳಗೆ ಕಳಿಸಿದ್ರಿ."

ಫೋನು ಅವರ ಕೈಯಲ್ಲೇ ಇತ್ತು. ಜಗಲಿಯ ಮೇಲೆ ಕೂತ ಅಕ್ಕನನ್ನು ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು, ಜನರ ನಡುವೆ ದಾರಿ ಬಿಡಿಸಿಕೊಂಡು ಜಗಲಿ ಹತ್ತಿದರು. ಅಕ್ಕನ ಮುಂದೆ, ನಡುವೆ ಒಂದು ಬೋರ್ಡು ಹಿಡಿಯುವಷ್ಟು ಜಾಗ ಬಿಟ್ಟು, ಕುರ್ಚಿ ಹಾಕಿಕೊಂಡು ಕೂತರು. ಭಜನೆಯವರು ಒಂದು ಕ್ಷಣ ತಡೆದು ಮತ್ತೆ ಮುಂದುವರಿಸಿದರು. ದುಃಖ ತಡೆಯಲಾಗದೆ ಹೋಗಿ ಕೂತಿದ್ದಾರೆಂದು ಎಲ್ಲರೂ ತಿಳಿದರು.

ಒಯ್ಯುವ ಹೊತ್ತಾಯಿತು. ಮೈದುನ ಬಂದು ಅವರ ಹೆಗಲು ಮುಟ್ಟಿ, "ಏಳಿ ಅಣ್ಣ, ಎತ್ತಬೇಕು" ಎಂದ.

"ಸ್ವಲ್ಪ ತಡಿಯಲಾ" ಎಂದರು ಅವರು, ತಿರುಗಿಯೂ ನೋಡದೆ. "ಇವಾಗ ತಾನೇ ಕೂತಿದೀನಿ."